ಪ್ಯಾರಿಸ್ಸಿನ ಸಣ್ಣ ಹೋಟೆಲುಗಳು

ಹೋಟೆಲೆಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಬಿಸಿ ಕಾಫಿ, ದೋಸೆ, ಅಮೃತಶಿಲೆಯ ಮೇಜು. ನಮ್ಮ ಆಡುಮಾತಿನಲ್ಲಿ ಹೋಟೆಲು ಉಣ್ಣುವ ಸ್ಥಳ. ತಂಗುವ ಸ್ಥಳಕ್ಕೆ ಛತ್ರ, ಮುಸಾಫಿರಖಾನೆ ಮೊದಲಾದ ಬೇರೆ ಹೆಸರುಗಳೇ ನಮ್ಮಲ್ಲಿ ಬೆಳೆದು ಬಂದಿವೆ. ಈ ಶಬ್ದದ ತೌರುಮನೆಯಾದ ಫ್ರಾನ್ಸಿನಲ್ಲಿ ಅದರ ಚರಿತ್ರೆ ಬೇರೆ ಬಗೆಯದು. ಅಲ್ಲಿ ಹೋಟೆಲೆಂದರೆ ಮೊದಲು ಸರದಾರರು ಪಟ್ಟಣದಲ್ಲಿ ಕಟ್ಟಿಸಿಕೊಂಡ ಸೌಧ. ಪ್ಯಾರಿಸ್ಸಿನ ಪುರಭವನಕ್ಕೆ ಇಂದಿಗೂ ನಗರದ ಹೋಟೆಲೆಂದೇ ಹೆಸರು. ನೋತ್ರ್ ದಾಮ್ ದೇವಾಲಯದ ಮಗ್ಗುಲಲ್ಲಿರುವ ಪುರಾತನವಾದ ಆಸ್ಪತ್ರೆಗೆ ದೇವರ ಹೋಟೆಲೆಂದು ಹೆಸರು. ಅತಿಥಿಗೂ ಅವನನ್ನು ಸತ್ಕರಿಸುವವನಿಗೂ ಫ್ರೆಂಚ್ ಭಾಷೆಯಲ್ಲಿ ಒಂದೇ ಶಬ್ದವಿದೆ. ಇಷ್ಟು ಗೌರವದ ಮನೆತನಕ್ಕೆ ಸೇರಿದ ಹೆಸರು ಕಾಲಕ್ರಮದಲ್ಲಿ, ಓಣಿಯೊಳಗಿನ ಐದು ಅಂತಸ್ತಿನ ಇಕ್ಕಟ್ಟಾದ ಬಾಡಿಗೆಮನೆಗೂ ಅಂಟಿಕೊಂಡಿತು. ಇಂದು ನಾವು ವಿಚಾರಮಾಡಬೇಕೆಂದಿರುವುದು ಆ ಸಣ್ಣ ಹೋಟೆಲಿನ ಚರಿತ್ರೆಯನ್ನು.

ಪ್ಯಾರಿಸ್ಸಿನ ದೊಡ್ಡ ಹೋಟೆಲುಗಳ ವಯಸ್ಸು ಹೆಚ್ಚಲ್ಲ. 1855ರಲ್ಲಿ ಜಗತ್ಪ್ರದರ್ಶನದ ನಿಮಿತ್ತ ಲೂವ್ರ್ ಅರಮನೆಯ ಎದುರಿಗೆ ಸುಮಾರು 700 ಕೋಣೆಗಳ ಹೋಟೆಲೊಂದು ಎದ್ದಿತು. 1862ರಲ್ಲಿ ಅದಕ್ಕಿಂತಲೂ ದೊಡ್ಡದಾದ ಮತ್ತೊಂದು ಪ್ರಾರಂಭವಾಯಿತು. ಸಣ್ಣ ಹೋಟೆಲು ಇವಕ್ಕಿಂತ ಬಹಳ ಹಿಂದಿನದು. ಅದನ್ನು ಜನರು ಗಾರ್ನಿ ಎಂದು ಕರೆಯುತ್ತಿದ್ದರು. ಎಂದರೆ ಸಾಮಾನು ಸಹಿತವಾದ ಕೋಣೆ. ಸಾಮಾನೆಂದರೆ ಹೆಚ್ಚೇನೂ ಇಲ್ಲ: ಒಂದು ಮಂಚ, ಒಂದು ಹಾಸಿಗೆ, ಒಂದು ಮೇಜು, ಕುರ್ಚಿ, ಮುಖ ತೊಳೆಯಲು ಒಂದು ಬೋಗುಣಿ. ಕೆಳಗಡೆ ಯಜಮಾನನೋ ಯಜಮಾನಿಯೋ ಕುಳಿತಿರುವ ಸಣ್ಣ ಕಚೇರಿ, ಅದರ ಗೋಡೆಯ ಮೇಲೆ ಸಾಲಾಗಿ ತೂಗುವ ಬೀಗದ ಕೈಗಳು. ಮೆಟ್ಟಿಲು ಹೆಚ್ಚಿದಷ್ಟೂ ಬಾಡಿಗೆ ಕಡಿಮೆ. ಆದುದರಿಂದ ತೀರ ಬಡವನಾದವನು ಸೂರಿಗೆ ತೀರ ಸಮೀಪದಲ್ಲಿ ಮಲಗುತ್ತಿದ್ದನು.

ಇಂತಹ ಕೋಣೆಗೆ ಬಂದವರಲ್ಲಿ ಮೊದಲು ನೆನೆಯತಕ್ಕವನು ರೂಸೋ. ಜಿನೀವಾ ನಗರದ ಗಡಿಯಾರ ಮಾಡುವವನ ಮಗನಾದ ಆತನು, ತಾನು ಕಂಡುಹಿಡಿದ ಹೊಸ ಸಂಗೀತಲಿಪಿಯೊಂದನ್ನು ವಿದ್ವತ್ಸಭೆಯ ಮುಂದೆ ಇಡಬೇಕೆಂದು 1742ರಲ್ಲಿ ಪ್ಯಾರಿಸ್ಸಿಗೆ ಬಂದು, ಸಾರ್ಬಾನ್ ವಿದ್ಯಾಪೀಠದ ಬಳಿ ಸ್ಯಾನ್ ಕಾಂತ್ಯಾನ್ ಎಂಬ ಹೋಟೆಲಿನಲ್ಲಿ ಇಳಿದನು. ಬೀದಿಯೂ ಕುರೂಪ, ಹೋಟೆಲೂ ಕುರೂಪ, ಕೋಣೆಯೂ ಕುರೂಪ ಎಂಬರ್ಥದ ಮಾತುಗಳನ್ನು ಆತನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಆದರೂ ಕೊಂದಿಯಾಕ್‌ನಂತಹ ತತ್ತ್ವಜ್ಞರು ತನಗೆ ಮುಂಚೆ ಅಲ್ಲಿಯೇ ತಂಗಿದ್ದರೆಂಬುದನ್ನೂ ಹೇಳುತ್ತಾನೆ. 1745ರಲ್ಲಿ ಅದೇ ಹೋಟೆಲಿನಲ್ಲಿ ಬಟ್ಟೆಬರೆಗಳನ್ನು ನೋಡಿಕೊಳ್ಳುತ್ತಿದ್ದ ತೆರೇಸ್ ಲವಾಸೂರ್ ಎಂಬ ಹುಡುಗಿಯ ಪರಿಚಯವಾಯಿತು. ಆಕೆ 1778ರಲ್ಲಿ ಆತನು ತೀರಿಕೊಳ್ಳುವವರೆಗೂ ಜೊತೆಯಲ್ಲಿದ್ದಳು. ಪರವೂರಿನವನೊಬ್ಬನಿಗೆ ಪಟ್ಟಣದಲ್ಲಿ ಮೊದಲ ಸೂರು, ಮೊದಲ ಸ್ನೇಹ, ಕಡೆಗೆ ಸಂಸಾರವೂ ದೊರೆತುದು ಒಂದು ಕುರೂಪವಾದ ಹೋಟೆಲಿನಲ್ಲಿಯೇ.

ಈ ಬಾಗಿಲಿನೊಳಗೆ ಹೋಗಲು ಹಣದ ಜೊತೆಗೆ ಮತ್ತೊಂದನ್ನು ಕೊಡಬೇಕಾಗಿತ್ತು. ಅದು ಹೆಸರು. ಅರಸರ ಕಾಲದಿಂದಲೇ ಪ್ಯಾರಿಸ್ಸಿನ ಪೋಲೀಸರು ಹೋಟೆಲುಗಳ ಮೇಲೆ ಕಣ್ಣಿಟ್ಟಿದ್ದರು. ಅರಸೊತ್ತಿಗೆಯನ್ನು ಅಲುಗಿಸಿದ ಮಹಾಕ್ರಾಂತಿಯು ಈ ಪದ್ಧತಿಯನ್ನು ಅಲುಗಿಸಲಿಲ್ಲ; ಅದನ್ನು ಇನ್ನೂ ಬಿಗಿಗೊಳಿಸಿತು. 1791ರ ಜುಲೈ ತಿಂಗಳ ಶಾಸನದ ಪ್ರಕಾರ, ಒಂದೇ ಒಂದು ರಾತ್ರಿ ತಂಗಿದವನಾದರೂ ಸರಿ, ಅವನ ಹೆಸರು, ಕಸುಬು, ಸ್ವಂತ ಊರು, ಬಂದ ದಿನ, ಹೋದ ದಿನ, ಇವೆಲ್ಲವನ್ನೂ ಯಜಮಾನನು ಪುಸ್ತಕದಲ್ಲಿ ಬರೆದಿಡಬೇಕು. ಅಧಿಕಾರಿಗಳು ಕೇಳಿದಾಗ ತೋರಿಸಬೇಕು. ಸ್ವಂತ ಮನೆಯುಳ್ಳವನನ್ನು ಯಾರೂ ಹೀಗೆ ಕೇಳುತ್ತಿರಲಿಲ್ಲ. ಬಾಡಿಗೆಯ ಮಂಚದ ಮೇಲೆ ಮಲಗುವವನು ಮಾತ್ರ ರಾತ್ರಿ ರಾತ್ರಿಯೂ ಸರ್ಕಾರಕ್ಕೆ ಗೊತ್ತಿರಬೇಕಾಗಿತ್ತು.

ಬಡವನು ಒಂದು ಸಣ್ಣ ಮನೆಯನ್ನೇ ಬಾಡಿಗೆಗೆ ಹಿಡಿಯಬಹುದಾಗಿತ್ತಲ್ಲವೆ ಎಂದು ಶ್ರೋತೃಗಳು ಕೇಳಬಹುದು. ಇಲ್ಲಿಯೇ ವಿಷಯದ ಮರ್ಮವಿರುವುದು. ಆ ಕಾಲದ ಪ್ಯಾರಿಸ್ಸಿನಲ್ಲಿ ಮನೆಯ ಬಾಡಿಗೆಯನ್ನು ಮೂರು ತಿಂಗಳಿಗೊಮ್ಮೆ ಒಟ್ಟಾಗಿ ಸಲ್ಲಿಸುವುದು ರೂಢಿಯಾಗಿತ್ತು. ಅಲ್ಲದೆ ನೆಪೋಲಿಯನ್ನನ ಕಾಲದ ಸಿವಿಲ್ ಸಂಹಿತೆಯ ಪ್ರಕಾರ, ಬಾಡಿಗೆ ನಿಂತುಹೋದರೆ ಜಪ್ತಿ ಮಾಡಿಕೊಳ್ಳುವುದಕ್ಕೆ ಸಾಕಾಗುವಷ್ಟು ಸಾಮಾನನ್ನು ಬಾಡಿಗೆದಾರನು ಮನೆಯಲ್ಲಿ ಇಟ್ಟಿರಬೇಕು. ಹೆಗಲ ಮೇಲಿನ ಗಂಟೊಂದನ್ನೇ ಆಸ್ತಿಯಾಗಿ ಹೊತ್ತುಬಂದ ಕೂಲಿಗಾರನ ಬಳಿ ಮಂಚವೆಲ್ಲಿ, ಬೀರುವೆಲ್ಲಿ? ದಿನಕ್ಕೋ ವಾರಕ್ಕೋ ತಿಂಗಳಿಗೋ ಹಣ ತೆರುವ ಗಾರ್ನಿಯೇ ಅವನಿಗೆ ಗತಿ. ಹೀಗೆ ಕೈಯಲ್ಲಿ ಮೂಲಧನವಿಲ್ಲದವನು, ತನಗೆ ಸೇರದ ಹಾಸಿಗೆಗೆ ದಿನದಿನವೂ ಬಾಡಿಗೆ ತೆತ್ತು, ವರ್ಷಗಳು ಕಳೆದರೂ ಒಂದು ಕುರ್ಚಿಯನ್ನು ಸಹ ತನ್ನದಾಗಿ ಮಾಡಿಕೊಳ್ಳಲಾರದೆ ಇರುತ್ತಿದ್ದನು.

ಆ ಜೀವನವನ್ನು ಒಳಗಿನಿಂದ ಕಂಡು ಬರೆದವನು ಮಾರ್ಟಿನ್ ನಾದೋ. ಮಧ್ಯ ಫ್ರಾನ್ಸಿನಲ್ಲಿ ಕ್ರೂಸ್ ಎಂಬ ಬಡ ಸೀಮೆಯಿದೆ. ಆ ಸೀಮೆಯ ಗಂಡಸರು ವಸಂತಕ್ಕೆ ಮುಂಚೆ ಹಳ್ಳಿಯನ್ನು ಬಿಟ್ಟು ಪ್ಯಾರಿಸ್ಸಿಗೆ ಬಂದು ಗಾರೆಕೆಲಸ ಮಾಡಿ, ಚಳಿಗಾಲಕ್ಕೆ ಹಿಂದಿರುಗುವುದು ತಲೆಮಾರುಗಳಿಂದ ನಡೆದುಬಂದಿದ್ದ ಪದ್ಧತಿ. 1830ರಲ್ಲಿ ನಾದೋ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯೊಡನೆ ಬಹುಭಾಗ ಕಾಲುನಡಿಗೆಯಿಂದಲೇ ಹೊರಟು ಬಂದನು. ಪುರಭವನದ ಹಿಂದಿನ ಓಣಿಯೊಂದರಲ್ಲಿ ಅವರ ಗಾರ್ನಿಯಿತ್ತು. ಒಂದೇ ಕೋಣೆಯಲ್ಲಿ 6 ಮಂಚ, 12 ಜನ. ಕೆಲಸ ಮುಗಿಸಿ ಬಂದವರಿಗೆ ಯಜಮಾನಿ ಸಾರು ಕಾಸಿ ಬಡಿಸುತ್ತಿದ್ದಳು. ಒಂದೇ ಸೀಮೆಯವರು ಒಂದೇ ಗಾರ್ನಿಯಲ್ಲಿ ಸೇರುತ್ತಿದ್ದುದರಿಂದ ಊರಿನ ಸುದ್ದಿ ಅಲ್ಲಿ ಸಿಗುತ್ತಿತ್ತು, ಕೆಲಸದ ಸುದ್ದಿಯೂ ಸಿಗುತ್ತಿತ್ತು. ನಾದೋ ತಾನು ಕಲಿತ ಅಕ್ಷರವನ್ನು ಸಂಜೆಯ ಹೊತ್ತು ಜೊತೆಯ ಗಾರೆಯವರಿಗೆ ಹೇಳಿಕೊಡುತ್ತಿದ್ದನು. ಗಾರ್ನಿಯನ್ನು ರೋಗದ ಗೂಡೆಂದೂ ಕಳ್ಳರ ಬೀಡೆಂದೂ ಬರೆದ ದೊಡ್ಡಮನುಷ್ಯರು ಅನೇಕರು. ಪ್ಯಾರಿಸ್ಸಿನಲ್ಲಿ 18,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ 1832ರ ಕಾಲರಾ ಜಾಡ್ಯದ ಅನಂತರ ಈ ಭಯ ಮತ್ತಷ್ಟು ಬಲವಾಯಿತು. ಅದು ಪಾಠಶಾಲೆಯೂ ಆಗಿದ್ದಿತೆಂಬುದು ನಾದೋನಂತಹವನು ಹೇಳದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

1848ರ ಕ್ರಾಂತಿಯಿಂದ ಫ್ರಾನ್ಸಿನ ಗಂಡಸರೆಲ್ಲರಿಗೂ ಮತದ ಹಕ್ಕು ಬಂದಿತು. ಮರುವರ್ಷ ಗಾರೆಯ ನಾದೋ ಕ್ರೂಸ್ ಸೀಮೆಯ ಪ್ರತಿನಿಧಿಯಾಗಿ ರಾಷ್ಟ್ರಸಭೆಯನ್ನು ಪ್ರವೇಶಿಸಿದನು. ಆದರೆ ಅದೇ ಸಭೆಯಲ್ಲಿ ಬಹುಮತವಿದ್ದುದು ಬೇರೆಯವರಿಗೆ. ಅವರು 1850ರ ಮೇ 31ರಂದು ಒಂದು ಶಾಸನವನ್ನು ಅಂಗೀಕರಿಸಿದರು. ಮತ ಹಾಕಬೇಕಾದರೆ ಒಂದೇ ಕಡೆಯಲ್ಲಿ ಮೂರು ವರ್ಷ ನೆಲಸಿರಬೇಕು. ನೆಲಸಿರುವುದಕ್ಕೆ ಮುಖ್ಯವಾದ ಸಾಕ್ಷಿ ತೆರಿಗೆಯ ಪಟ್ಟಿ. ಈ ಶಾಸನದಿಂದ ಸುಮಾರು 30 ಲಕ್ಷ ಜನರ ಹಕ್ಕು ಹೋಯಿತು. ಕೆಲಸವಿದ್ದಲ್ಲಿಗೆ ಅಲೆಯುವ, ಗಾರ್ನಿಯಿಂದ ಗಾರ್ನಿಗೆ ಹೋಗುವ ಕೂಲಿಗಾರರು ಅವರಲ್ಲಿ ಬಹುಮಂದಿ. ಒಂದು ರಾತ್ರಿ ತಂಗಿದರೂ ಪೋಲೀಸರ ಪುಸ್ತಕದಲ್ಲಿ ಬರೆಯಬೇಕಾದ ಹೆಸರು, ಎರಡು ವರ್ಷ ದುಡಿದರೂ ಮತದಾರರ ಪುಸ್ತಕದಲ್ಲಿ ಬರೆಯಲು ಯೋಗ್ಯವಾಗಲಿಲ್ಲ. ಸಣ್ಣ ಹೋಟೆಲಿನ ಚರಿತ್ರೆಯನ್ನೆಲ್ಲ ಈ ಒಂದು ವಿಪರ್ಯಾಸದಲ್ಲಿ ಅಡಗಿಸಿ ಹೇಳಬಹುದೆಂದು ನಮಗೆ ತೋರುತ್ತದೆ. ಮುಂದೆ 1851ರ ಡಿಸೆಂಬರಿನಲ್ಲಿ ಅಧಿಕಾರವನ್ನು ಬಲಾತ್ಕಾರವಾಗಿ ಹಿಡಿದ ಲೂಯಿ ನೆಪೋಲಿಯನ್ನನು ಜನರನ್ನು ಒಲಿಸಿಕೊಳ್ಳಲು ಆ ಶಾಸನವನ್ನು ರದ್ದುಮಾಡಿದನು. ಜೊತೆಯಲ್ಲಿಯೇ ನಾದೋನನ್ನು ಸೆರೆಹಿಡಿದು ದೇಶಭ್ರಷ್ಟನನ್ನಾಗಿ ಮಾಡಿದನು. ಆತನು 1870ರವರೆಗೆ ಇಂಗ್ಲೆಂಡಿನಲ್ಲಿ ಗಾರೆಯವನಾಗಿ, ಅನಂತರ ಉಪಾಧ್ಯಾಯನಾಗಿ ಕಾಲ ಕಳೆಯಬೇಕಾಯಿತು.

ಇತ್ತ ಪ್ಯಾರಿಸ್ ವಿಶಾಲವಾದ ಬೀದಿಗಳ ನಗರವಾಯಿತು. ನಾದೋ ತಂಗಿದ್ದ ಓಣಿಯು ರಿವೋಲಿ ಬೀದಿಯ ವಿಸ್ತರಣದಲ್ಲಿ ಅಳಿದುಹೋಯಿತು. ಸೌಧಗಳನ್ನು ಕಟ್ಟಲು ಬಂದವರಿಗೆ ಅವುಗಳಲ್ಲಿ ಸ್ಥಳವಿರಲಿಲ್ಲ. 1882ರಲ್ಲಿ ಎರಡು ಲಕ್ಷಕ್ಕೂ ಮೀರಿದ ಜನ ಗಾರ್ನಿಗಳಲ್ಲಿ ವಾಸವಾಗಿದ್ದರು. ಆಕ್ಟೇವ್ ದ್ಯು ಮೆನಿಲ್ ಎಂಬ ವೈದ್ಯನೇ ಮೊದಲಾದವರು ಈ ಕೋಣೆಗಳನ್ನು ಹೊಕ್ಕು ನೋಡಿ ವರದಿಗಳನ್ನು ಬರೆದರು. ತಲೆಯೊಂದಕ್ಕೆ 14 ಘನಮೀಟರು ಗಾಳಿಯಿರಬೇಕೆಂದು 1883ರ ಪೋಲೀಸು ಆಜ್ಞೆ ವಿಧಿಸಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 8 ಅಡಿ ಉದ್ದ, 7 ಅಡಿ ಅಗಲ, 9 ಅಡಿ ಎತ್ತರದ ಗೂಡು. ಆ ಕಾಲಕ್ಕೆ ಇದನ್ನು ಸುಧಾರಣೆಯೆಂದು ಎಣಿಸಿದರೆಂಬುದರಿಂದ ಹಿಂದಿನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಹೆಸರು ಹೇಳುವುದೇ ಭಾರವಾದವರೂ ಈ ಬಾಗಿಲುಗಳಿಗೆ ಬಂದರು. ಇಂಗ್ಲಿಷ್ ರಂಗಭೂಮಿಯನ್ನು ನಗಿಸಿದ ಆಸ್ಕರ್ ವೈಲ್ಡ್ 1897ರಲ್ಲಿ ಸೆರೆಮನೆಯಿಂದ ಬಿಡುಗಡೆಯಾಗಿ ಫ್ರಾನ್ಸಿಗೆ ಬಂದು ಸೆಬಾಸ್ಟಿಯನ್ ಮೆಲ್ಮಾತ್ ಎಂದು ಹೆಸರಿಟ್ಟುಕೊಂಡನು. ಕಡೆಗಾಲದಲ್ಲಿ ಆತನಿಗೆ ಆಶ್ರಯವಾದುದು ಬೋಜಾರ್ ಬೀದಿಯ ಅಲ್ಸಾಸ್ ಎಂಬ ಅಗ್ಗದ ಹೋಟೆಲು. ಅದರ ಯಜಮಾನ ದ್ಯುಪ್ವಾರಿಯೇ ಬಾಕಿ ಬೆಳೆಯುತ್ತಿದ್ದರೂ ಅತಿಥಿಯನ್ನು ಹೊರಗೆ ಹಾಕಲಿಲ್ಲ. 1900ರ ನವೆಂಬರ್ 30ರಂದು ವೈಲ್ಡ್ ಅಲ್ಲಿಯೇ ತೀರಿಕೊಂಡಾಗ, ಹಣ ಬರಬೇಕಾಗಿದ್ದ ಆ ಯಜಮಾನನೇ ತನ್ನ ಬಾಡಿಗೆದಾರನ ಹೆಸರಿನಲ್ಲಿ ಒಂದು ಹಾರವನ್ನೂ ಅರ್ಪಿಸಿದನು. ಬಾಕಿಯನ್ನು ಮಿತ್ರರು ಅನಂತರ ತೀರಿಸಿದರು. ಅತಿಥಿಗೂ ಆತಿಥೇಯನಿಗೂ ಒಂದೇ ಶಬ್ದವೆಂಬುದು ಬರಿಯ ನಿಘಂಟಿನ ಮಾತಲ್ಲವೆಂದು ತೋರಿಸುವ ನಿದರ್ಶನವಿದು. ಈಗ ಅದೇ ಕಟ್ಟಡ ಬಹು ದುಬಾರಿಯಾದ ಹೋಟೆಲಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಗಾರ್ನಿಯ ಮೆಟ್ಟಿಲುಗಳನ್ನು ಹತ್ತಿದವರು ದೂರದೂರದವರು. ಇಟಲಿ ಚೌಕದ ಬಳಿ ಗೋದ್‌ಫ್ರ್ವಾ ಬೀದಿಯ ಪುಟ್ಟ ಹೋಟೆಲೊಂದರಲ್ಲಿ 1922ರಿಂದ 1924ರವರೆಗೆ ಚೀಣದ ತರುಣನೊಬ್ಬನಿದ್ದನು. ಅಲ್ಲಿಯೇ ಸಂಗಡಿಗರ ಸಭೆ, ಅಲ್ಲಿಯೇ ಪತ್ರಿಕೆಯ ಕೆಲಸ. ಆತನು 1949ರಲ್ಲಿ ಚೀಣದ ಪ್ರಧಾನಿಯಾದ ಚೌ ಎನ್ ಲಾಯ್. ಆ ಗೋಡೆಯ ಮೇಲೆ ಆತನ ಮುಖಚಿತ್ರವುಳ್ಳ ಫಲಕವಿದೆ. 1928ರಲ್ಲಿ ಪೋ ದ ಫೇರ್ ಬೀದಿಯ ಹೋಟೆಲೊಂದನ್ನು ಸೇರಿದ ಆಂಗ್ಲ ತರುಣನು, ಗೋಡೆಯ ಕಾಗದದ ಪದರಗಳ ಹಿಂದೆ ಸಾಲುಸಾಲಾಗಿ ನಡೆಯುವ ತಿಗಣೆಗಳನ್ನು ಕೂಡ ಬಿಡದೆ ವರ್ಣಿಸಿ, 1933ರಲ್ಲಿ ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಪುಸ್ತಕವನ್ನು ಪ್ರಕಟಿಸಿದನು.

ಇವರು ಹೆಸರಾದವರು. ಹೆಸರಾಗದೆ ಹೋದವರ ಸಂಖ್ಯೆ ಬಹಳ ಹೆಚ್ಚು. ಎರಡನೆಯ ಮಹಾಯುದ್ಧದ ಅನಂತರ ಕಾರ್ಖಾನೆಗಳಿಗೆ ಆಳು ಬೇಕಾದಾಗ ಆಲ್ಜೀರಿಯಾದಿಂದ ಬಂದವರು, ಕೆಳಗೆ ಕಾಫಿಯಂಗಡಿ, ಮೇಲೆ ಕೋಣೆಗಳಿದ್ದ ಹೋಟೆಲುಗಳಲ್ಲಿ ಒತ್ತೊತ್ತಾಗಿ ನೆಲಸಿದರು. ಕಾನೂನಿನ ದೃಷ್ಟಿಯಲ್ಲಿ ಅವರು ಫ್ರಾನ್ಸಿನ ಪ್ರಜೆಗಳೇ. ಆದರೆ ಆಲ್ಜೀರಿಯಾದ ಸ್ವಾತಂತ್ರ್ಯಸಮರ ನಡೆಯುತ್ತಿದ್ದಾಗ ಪೋಲೀಸರು ಆ ಹೋಟೆಲುಗಳನ್ನು ಮತ್ತೆಮತ್ತೆ ಶೋಧಿಸಿದರು. 1961ರ ಅಕ್ಟೋಬರ್ 5ರಂದು, ಆಲ್ಜೀರಿಯಾದವರು ರಾತ್ರಿ ಎಂಟೂವರೆಯಿಂದ ಬೆಳಗಿನ ಐದೂವರೆಯವರೆಗೆ ಬೀದಿಗೆ ಬರಕೂಡದೆಂದೂ, ಅವರ ಕಾಫಿಯಂಗಡಿಗಳು ಏಳು ಗಂಟೆಗೇ ಮುಚ್ಚಬೇಕೆಂದೂ ಪ್ಯಾರಿಸ್ಸಿನ ಪೋಲೀಸು ಮುಖ್ಯಾಧಿಕಾರಿ ಮೋರಿಸ್ ಪಪಾಂ ಸೂಚನೆ ಹೊರಡಿಸಿದನು. ಅದನ್ನು ಪ್ರತಿಭಟಿಸಿ 17ರ ರಾತ್ರಿ ಶಾಂತವಾಗಿ ಮೆರವಣಿಗೆ ಹೊರಟವರಲ್ಲಿ 11,000ಕ್ಕೂ ಹೆಚ್ಚು ಮಂದಿ ಬಂಧಿತರಾದರು. ಏಟಿಗೆ ಸಿಕ್ಕಿ ಸತ್ತವರುಂಟು, ಸೇನ್ ನದಿಗೆ ಎಸೆಯಲ್ಪಟ್ಟವರುಂಟು. ಸಂಖ್ಯೆಯಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದ್ದರೂ, ಅದು ಹಲವು ಹತ್ತುಗಳನ್ನು ಮುಟ್ಟಿತೆಂಬುದನ್ನು ಅವರು ಒಪ್ಪುತ್ತಾರೆ.

ಅನಂತರದ ದಶಕಗಳಲ್ಲಿ ಗಾರ್ನಿಗಳು ಒಂದೊಂದಾಗಿ ಮರೆಯಾದವು. ಕೆಲವನ್ನು ಕೆಡವಿದರು, ಕೆಲವು ವಾಸದ ಮನೆಗಳಾದವು, ಕೆಲವು ಬಣ್ಣ ಬಳಿದುಕೊಂಡು ಪ್ರವಾಸಿಗಳ ಹೋಟೆಲುಗಳಾದವು. ಬಡವರು ಮಾತ್ರ ಮರೆಯಾಗಲಿಲ್ಲ. ಮನೆಯಿಲ್ಲದ ಸಂಸಾರಗಳನ್ನು ಸರ್ಕಾರದ ಹಣದಿಂದ ಸಾಧಾರಣ ಹೋಟೆಲುಗಳಲ್ಲಿ ಇಳಿಸುವ ಪದ್ಧತಿ ಪ್ಯಾರಿಸ್ಸಿನಲ್ಲಿ ಇಂದೂ ಉಂಟು. ತಾತ್ಕಾಲಿಕವೆಂದು ಹೋದವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತಾರೆ. 2005ರ ಏಪ್ರಿಲ್ ತಿಂಗಳಲ್ಲಿ ಪ್ರೊವಾನ್ಸ್ ಬೀದಿಯ ಅಂತಹ ಒಂದು ಹೋಟೆಲು ರಾತ್ರಿಯಲ್ಲಿ ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದು ನಗರದ ಬಹು ದೊಡ್ಡ ಅಂಗಡಿಗಳಿಗೆ ಕೂಗಳತೆಯ ದೂರ.

ಹೀಗೆ ಸುಮಾರು ಎರಡೂವರೆ ಶತಮಾನಗಳ ಕಥೆಯನ್ನು ಒಟ್ಟಿಗೆ ನೋಡಿದರೆ, ಸಣ್ಣ ಹೋಟೆಲು ಪರವೂರಿನವನ ಎದುರಿಗೆ ಪಟ್ಟಣವು ತೆರೆದಿಟ್ಟ ಹಿಂಬಾಗಿಲೆಂದು ಗೊತ್ತಾಗುತ್ತದೆ. ಆ ಬಾಗಿಲಿಲ್ಲದಿದ್ದರೆ ರೂಸೋವಿಗೆ ಸ್ಥಳವಿರಲಿಲ್ಲ, ನಾದೋವಿಗೂ ಇರಲಿಲ್ಲ, ಪ್ಯಾರಿಸ್ಸನ್ನು ಕಟ್ಟುವ ಕೈಗಳಿಗೂ ಇರಲಿಲ್ಲ. ಆದುದರಿಂದ ಅದನ್ನು ಕೊಳಕೆಂದು ಹಳಿದು ಮುಚ್ಚಿಬಿಡುವುದು ಸುಲಭವಾದರೂ ನ್ಯಾಯವಲ್ಲ. ಮುಚ್ಚಿದಮೇಲೆ ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಕೇಳಬೇಕು. ಅದನ್ನು ರಸಿಕರ ಬೀಡೆಂದು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಆ ಮಂಚದ ಮೇಲೆ ಜೊತೆಗೆ ಇನ್ನೊಬ್ಬನು ಮಲಗಿದ್ದನೆಂಬುದನ್ನು ಮರೆಯಬಾರದು. ದೊಡ್ಡ ನಗರವೊಂದರ ನಾಗರಿಕತೆಯನ್ನು ಅದರ ಅರಮನೆಗಳಿಂದ ಅಳೆಯುವುದು ವಾಡಿಕೆ. ಕೈಯಲ್ಲಿ ಗಂಟು, ಜೇಬಿನಲ್ಲಿ ಎರಡು ದಿನದ ಹಣವಿರುವವನು ಸಂಜೆಯ ಹೊತ್ತಿಗೆ ಅಲ್ಲಿ ಬಂದಿಳಿದರೆ ಅವನಿಗೆ ಎಂತಹ ಕೋಣೆ ಸಿಗುವುದು, ಅವನ ಹೆಸರನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳುವರು ಎಂಬುದರಿಂದಲೂ ಅಳೆಯಬಹುದು. ಈ ಅಳತೆ ಪ್ಯಾರಿಸ್ಸಿಗೆ ಮಾತ್ರವಲ್ಲ, ಬೆಳೆಯುತ್ತಿರುವ ಎಲ್ಲ ಪಟ್ಟಣಗಳಿಗೂ ಸಲ್ಲುತ್ತದೆ.