ಶಿಶುವಿನ ಭಾಷಾಶಕ್ತಿಗೆ ಕನ್ನಡದ ಸಾಕ್ಷ್ಯ

ಭಾಷಾಶಕ್ತಿಯು ಶಿಶುವಿಗೆ ಹುಟ್ಟಿನಿಂದ ಬರುವುದೋ ಪರಿಸರದಿಂದ ಬರುವುದೋ ಎಂಬುದು ಪುರಾತನವಾದ ಜಿಜ್ಞಾಸೆ. ಪೂರ್ವಸಂಸ್ಕಾರದ ಬಲದಿಂದಲೇ ಬಾಲಕನೂ ಶಬ್ದವ್ಯವಹಾರವನ್ನು ಅರಿಯುವನೆಂಬುದು ವಾಕ್ಯಪದೀಯದಲ್ಲಿ ಭರ್ತೃಹರಿಯ ಮತ. 1957ರಲ್ಲಿ ಸ್ಕಿನ್ನರ್ ಅವರು ಭಾಷೆಯನ್ನು ಅಭ್ಯಾಸದ ಫಲವೆಂದು ವಿವರಿಸಿದರು. 1959ರಲ್ಲಿ ಚಾಮ್‌ಸ್ಕಿಯವರು ಅದನ್ನು ಖಂಡಿಸಿ, ಮುಂದೆ ಜನ್ಮಜಾತ ವ್ಯಾಕರಣಶಕ್ತಿಯನ್ನು ಪ್ರತಿಪಾದಿಸಿದರು.

ಈ ವಾದಕ್ಕೆ ಕನ್ನಡವು ಒರೆಗಲ್ಲಾಯಿತು. ‘ಏರು’ ಎಂಬುದು ‘ಏರಿಸು’ ಆದಾಗ, ಇನ್ನೊಬ್ಬರಿಂದ ಕ್ರಿಯೆ ನಡೆಯಿತೆಂಬುದನ್ನು ‘ಇಸು’ ಪ್ರತ್ಯಯವು ಸ್ಪಷ್ಟವಾಗಿ ಸೂಚಿಸುತ್ತದೆ. ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವರ್ಷದ ಕನ್ನಡ ಮಕ್ಕಳು ತಾವು ಕೇಳಿದ ವಾಕ್ಯಗಳ ಅರ್ಥವನ್ನು ಆಟಿಕೆಗಳಿಂದ ಅಭಿನಯಿಸಿದರು. ವಯಸ್ಕರು ಪ್ರತ್ಯಯವನ್ನೂ ಗಣಿಸಿದರು; ಮಕ್ಕಳಾದರೋ ನಾಮಪದಗಳ ಸಂಖ್ಯೆಯನ್ನೇ ನಂಬಿದರು. ಕೇಳಿದ ಮಾತೊಂದೇ ಗುರುವಾಗಿದ್ದರೆ, ಅಷ್ಟು ಸ್ಪಷ್ಟವಾದ ‘ಇಸು’ವನ್ನು ಅವರು ಕಡೆಗಣಿಸುತ್ತಿರಲಿಲ್ಲ. ಆದುದರಿಂದ ವಾಕ್ಯದ ಚೌಕಟ್ಟು ಶಿಶುವಿನಲ್ಲಿ ಮೊದಲೇ ಇರುವುದೆಂದೂ, ಪ್ರತ್ಯಯಗಳನ್ನು ಪರಿಸರವು ಕಲಿಸುವುದೆಂದೂ ನಾವು ಭಾವಿಸುತ್ತೇವೆ.

ಎರಡು ಭಾಷೆಗಳ ಊರುಗಳಲ್ಲಿ ಈ ವಿಚಾರಕ್ಕೆ ವಿಶೇಷ ಬೆಲೆಯುಂಟು. ತುಂಗಭದ್ರಾ ಕಾಲುವೆಯ ನೀರನ್ನು ನಂಬಿ ಆಂಧ್ರದ ರೈತರು ಬಂದು ನೆಲಸಿದ, ಗಂಗಾವತಿ ಸಮೀಪದ ಶ್ರೀರಾಮನಗರದಲ್ಲಿ ತೆಲುಗಿನ ‘ಇಂಚು’, ಕನ್ನಡದ ‘ಇಸು’ ಎರಡೂ ಕೇಳಿಬರುತ್ತವೆ. ತೆಲುಗು ಮನೆಮಾತಿನ ಮಗು ಕನ್ನಡ ಶಾಲೆಗೆ ಬರಿಗೈಯಲ್ಲಿ ಬರುವುದಿಲ್ಲ. ಅದನ್ನು ಮಂದಮತಿಯೆಂದು ಎಣಿಸದೆ, ಕನ್ನಡವನ್ನು ಧಾರಾಳವಾಗಿ ಕೇಳಿಸುವುದೇ ಅಧ್ಯಾಪಕರ ಕರ್ತವ್ಯ.