ಮಾನಸಿಕ ಆರೋಗ್ಯದ ತುರ್ತು ಚಿಕಿತ್ಸೆ: ತಂಡದ ಕಾರ್ಯವಿಧಾನ ಹಾಗೂ ಸಾಲಿಗ್ರಾಮ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ, ಹಲವು ದಿನ ನಿದ್ರೆ ಮತ್ತು ಆಹಾರವಿಲ್ಲದಿರುವುದು, ತೀವ್ರ ಉದ್ರೇಕ, ಮದ್ಯಪಾನವನ್ನು ಹಠಾತ್ತನೆ ನಿಲ್ಲಿಸಿದಾಗ ತೋರುವ ನಡುಕ ಹಾಗೂ ಗೊಂದಲ – ಇವು ತುರ್ತು ಚಿಕಿತ್ಸೆಯ ಅಗತ್ಯವಿರುವ ಸ್ಥಿತಿಗಳು. ಇಂತಹ ಸಮಯದಲ್ಲಿ ಯಾವ ತಜ್ಞರನ್ನು ಕಾಣಬೇಕೆಂದು ಕುಟುಂಬದವರೇ ನಿರ್ಧರಿಸಬೇಕಾಗಿಲ್ಲ. ರೋಗಿಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಿದರೆ ಮುಂದಿನ ಹೊಣೆ ತಂಡದ್ದಾಗಿರುತ್ತದೆ.

ಹಿನ್ನೆಲೆ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಹಾಗೂ ಸಿಬ್ಬಂದಿಗೆ ತರಬೇತಿ ನೀಡಿ ಮಾನಸಿಕ ಚಿಕಿತ್ಸೆಯನ್ನು ಗ್ರಾಮಗಳಿಗೆ ತಲುಪಿಸಿತು. ಈ ಮಾದರಿಯನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತರಲಾಯಿತು.

ತಂಡದ ಸದಸ್ಯರು ಮತ್ತು ಕರ್ತವ್ಯಗಳು

1. ವೈದ್ಯಾಧಿಕಾರಿ: ಮೊದಲ ತಪಾಸಣೆ ನಡೆಸುವವರು. ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಕಡಿಮೆಯಾದಾಗ, ಜ್ವರ ಮೆದುಳಿಗೆ ಏರಿದಾಗ, ತಲೆಗೆ ಪೆಟ್ಟಾದಾಗಲೂ ವರ್ತನೆ ಬದಲಾಗುವುದರಿಂದ ದೈಹಿಕ ಕಾರಣಗಳನ್ನು ಮೊದಲು ಪರಿಶೀಲಿಸಲಾಗುತ್ತದೆ.
2. ಮನೋರೋಗ ತಜ್ಞರು: ರೋಗನಿರ್ಣಯ, ಔಷಧ ಹಾಗೂ ದಾಖಲಾತಿಯ ನಿರ್ಧಾರ.
3. ಚಿಕಿತ್ಸಾ ಮನಶ್ಶಾಸ್ತ್ರಜ್ಞರು: ಅಪಾಯದ ಪ್ರಮಾಣವನ್ನು ಅಳೆಯುವುದು, ಆಪ್ತಸಮಾಲೋಚನೆ.
4. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು: ಸಾಲ, ಕಲಹ, ಉದ್ಯೋಗ ಮುಂತಾದ ಹಿನ್ನೆಲೆಯ ವಿಚಾರಣೆ, ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಲು ಕುಟುಂಬಕ್ಕೆ ತಿಳಿವಳಿಕೆ.
5. ಶುಶ್ರೂಷಕರು: ಹಗಲಿರುಳು ನಿಗಾ. ನಿದ್ರೆ, ಆಹಾರ, ಮಾತಿನಲ್ಲಾಗುವ ಬದಲಾವಣೆಗಳನ್ನು ಇವರೇ ಮೊದಲು ಗಮನಿಸುತ್ತಾರೆ.
6. ಆಶಾ ಕಾರ್ಯಕರ್ತೆಯರು: ಮನೆಗೆ ಮರಳಿದ ನಂತರದ ಸಂಪರ್ಕ.

ಪ್ರತಿಯೊಬ್ಬರೂ ಕಂಡುಕೊಂಡ ಅಂಶಗಳನ್ನು ಒಂದೇ ಕಡತದಲ್ಲಿ ದಾಖಲಿಸಿ ಒಟ್ಟಾಗಿ ಚರ್ಚಿಸಬೇಕು. ಔಷಧದಿಂದ ರೋಗಿ ಶಾಂತನಾಗಿದ್ದರೂ ಮನೆಯ ಪರಿಸ್ಥಿತಿ ಸುರಕ್ಷಿತವಲ್ಲವೆಂದು ಸಮಾಜ ಕಾರ್ಯಕರ್ತರು ತಿಳಿಸಿದಲ್ಲಿ, ಬಿಡುಗಡೆಗೆ ಮುನ್ನ ಅದನ್ನು ಪರಿಗಣಿಸುವುದು ಅವಶ್ಯ.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 (2018ರಿಂದ ಜಾರಿ) ರ ಪ್ರಕಾರ:

• ಪ್ರಾಣಾಪಾಯ ತಡೆಯಲು ಯಾವುದೇ ನೋಂದಾಯಿತ ವೈದ್ಯರು ಗರಿಷ್ಠ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ನಾಮನಿರ್ದೇಶಿತ ಪ್ರತಿನಿಧಿ ಲಭ್ಯರಿದ್ದಲ್ಲಿ ಅವರ ಸಮ್ಮತಿ ಅಗತ್ಯ.
• ರೋಗಿಯು ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿ ದಾಖಲಿಸಲು ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅವರಲ್ಲಿ ಒಬ್ಬರು ಮನೋರೋಗ ತಜ್ಞರಾಗಿರಬೇಕು. ಈ ದಾಖಲಾತಿಯ ಅವಧಿ 30 ದಿನಗಳವರೆಗೆ.
• ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಲಾಗುತ್ತದೆ. ಪ್ರಕರಣದ ಭಯದಿಂದ ಆಸ್ಪತ್ರೆಗೆ ಕರೆತರಲು ವಿಳಂಬ ಮಾಡಬಾರದು.
• ಪೊಲೀಸರು ರಕ್ಷಣೆಗೆ ಪಡೆದ ವ್ಯಕ್ತಿಯನ್ನು ಲಾಕಪ್‌ನಲ್ಲಿ ಇರಿಸುವಂತಿಲ್ಲ. 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು.
• ಸರಪಳಿಯಿಂದ ಬಂಧಿಸುವುದು ನಿಷಿದ್ಧ.

ಸಾಲಿಗ್ರಾಮ ಭಾಗದವರು ಅನುಸರಿಸಬೇಕಾದ ಕ್ರಮ

ಸಾಲಿಗ್ರಾಮ ಪಟ್ಟಣ ಪಂಚಾಯತ್ ವ್ಯಾಪ್ತಿಯವರು ಸಮೀಪದ ಕೋಟ ಸಮುದಾಯ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಅಗತ್ಯವಿದ್ದಲ್ಲಿ ಕುಂದಾಪುರ ತಾಲ್ಲೂಕು ಆಸ್ಪತ್ರೆ ಅಥವಾ ಉಡುಪಿಯ ಅಜ್ಜರಕಾಡಿನಲ್ಲಿರುವ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ವಾಹನಕ್ಕಾಗಿ 108, ಪೊಲೀಸ್ ನೆರವಿಗೆ 112 ಕರೆ ಮಾಡುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ (14416) ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ರೋಗಿಯು ಸೇವಿಸುತ್ತಿರುವ ಎಲ್ಲ ಮಾತ್ರೆಗಳು, ಹಳೆಯ ಚೀಟಿಗಳು ಮತ್ತು ಗುರುತಿನ ಚೀಟಿಯನ್ನು ತರುವುದು. ಬಡತನ ರೇಖೆಗಿಂತ ಕೆಳಗಿನವರು ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ ನೇಮಿಸಬಹುದು.

ಬಿಡುಗಡೆಯ ನಂತರ

ಬಿಡುಗಡೆಯ ನಂತರದ ಮೊದಲ ವಾರಗಳು ಹೆಚ್ಚು ಅಪಾಯಕಾರಿ. ಆದ್ದರಿಂದ ಮುಂದಿನ ಭೇಟಿಯ ದಿನಾಂಕ ಮತ್ತು ಸಂಪರ್ಕಿಸಬೇಕಾದವರ ವಿವರವನ್ನು ಬರಹದಲ್ಲಿ ಪಡೆಯುವುದು. ಹರಕೆ, ಪೂಜೆ ನಡೆಸುವವರೂ ಅದರ ಜೊತೆಗೆ ಔಷಧವನ್ನು ಮುಂದುವರಿಸತಕ್ಕದ್ದು. ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.