ಶ್ರುತಿಜ್ಞಾನವೂ ಹಲಸಂಗಿಯ ಹಾಡುಗಳೂ

ಸಂಗೀತವನ್ನು ಮಹಾವಿದ್ಯಾಲಯಗಳಲ್ಲಿ ಅಭ್ಯಸಿಸುವ ತರುಣ ತರುಣಿಯರು ಈಗ ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ನಾದ, ಶ್ರುತಿ, ಸ್ವರ, ಗ್ರಾಮ, ಮೂರ್ಛನೆಗಳ ಲಕ್ಷಣವನ್ನು ಅವರು ಕಂಠಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆಯುವರು. ಅದರೊಡನೆ, ಕೇಳಿದ ಸ್ವರವನ್ನೂ ರಾಗವನ್ನೂ ಗುರುತಿಸುವ ಅಭ್ಯಾಸವೂ ಉಂಟು. ಇವೆರಡರಲ್ಲಿ ಮೊದಲನೆಯದೇ ಶಾಸ್ತ್ರವೆಂದೂ ಎರಡನೆಯದು ಬರಿಯ ರೂಢಿಯ ಕೆಲಸವೆಂದೂ ಎಣಿಸುವವರಿದ್ದಾರೆ. ಪೂರ್ವಾಚಾರ್ಯರ ಮತವು ಹಾಗಿರಲಿಲ್ಲವೆಂಬದನ್ನೂ, ಕಿವಿಯ ಶಿಕ್ಷಣವು ಸಡಿಲಾದರೆ ನಮ್ಮ ಸೀಮೆಗೇ ಒದಗುವ ಹಾನಿಯನ್ನೂ ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ಭರತಮುನಿಯು ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಸಪ್ತಕಕ್ಕೆ 22 ಶ್ರುತಿಗಳನ್ನು ಹೇಳಿ, ಷಡ್ಜಗ್ರಾಮದಲ್ಲಿ ಷಡ್ಜಕ್ಕೆ 4, ಋಷಭಕ್ಕೆ 3, ಗಾಂಧಾರಕ್ಕೆ 2, ಮಧ್ಯಮ ಪಂಚಮಗಳಿಗೆ ನಾಲ್ಕು ನಾಲ್ಕು, ಧೈವತಕ್ಕೆ 3, ನಿಷಾದಕ್ಕೆ 2 ಎಂದು ಹಂಚಿದನು. ಅಷ್ಟಕ್ಕೆ ನಿಲ್ಲದೆ ಅದರ ಪರೀಕ್ಷೆಯನ್ನೂ ವಿಧಿಸಿದನು. ಸಮಪ್ರಮಾಣದ ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಬೇಕು. ಒಂದನ್ನು ಸ್ಥಿರವಾಗಿಟ್ಟು, ಇನ್ನೊಂದನ್ನು ಒಂದೊಂದೇ ಶ್ರುತಿ ಇಳಿಸುತ್ತ ಹೋಗಬೇಕು. ಎರಡನೆಯ ಇಳಿತದಲ್ಲಿ ಚಲವೀಣೆಯ ಗಾಂಧಾರ ನಿಷಾದಗಳು ಸ್ಥಿರವೀಣೆಯ ಋಷಭ ಧೈವತಗಳಲ್ಲಿ ಲೀನವಾಗುವವು. ಮೂರನೆಯದರಲ್ಲಿ ಋಷಭ ಧೈವತಗಳು ಷಡ್ಜ ಪಂಚಮಗಳಲ್ಲಿ. ನಾಲ್ಕನೆಯದರಲ್ಲಿ ಷಡ್ಜ ಮಧ್ಯಮ ಪಂಚಮಗಳು ನಿಷಾದ ಗಾಂಧಾರ ಮಧ್ಯಮಗಳಲ್ಲಿ. ಲೀನವಾದವೆಂದು ನಿರ್ಣಯಿಸತಕ್ಕವರಾರು? ಕಿವಿಯ ಹೊರತು ಅಲ್ಲಿ ಬೇರೆ ಪ್ರಮಾಣವಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನೂ ಸಂಗೀತರತ್ನಾಕರದಲ್ಲಿ 22 ತಂತಿಗಳ ಎರಡು ವೀಣೆಗಳಿಂದ ಇದನ್ನೇ ತೋರಿಸಿಕೊಟ್ಟನು. ಆದ್ದರಿಂದ ಶ್ರುತಿಜ್ಞಾನವು ಶಾಸ್ತ್ರದ ಬಾಲವಲ್ಲ, ಬೇರು.

ನಮ್ಮ ಜಿಲ್ಲೆಯ ಇತಿಹಾಸವನ್ನೇ ನೋಡೋಣ. ವಿಜಾಪುರವನ್ನು 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹೀಮ ಆದಿಲಶಾಹನು ಸಂಗೀತದಲ್ಲಿ ಮುಳುಗಿದ ದೊರೆ. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟವನು. ತೊರವಿಯ ಬಳಿಯಲ್ಲಿ ನೌರಸಪುರವನ್ನು ಕಟ್ಟಿಸತೊಡಗಿದವನು. ಅವನ ‘ಕಿತಾಬೆ ನೌರಸ’ದಲ್ಲಿ ಹಾಡುಗಳನ್ನು ರಾಗಗಳ ಹೆಸರಿನಡಿಯಲ್ಲಿ ಜೋಡಿಸಿದೆ. ಗ್ರಂಥವು ಉಳಿದಿದೆ, ರಾಗಗಳ ಹೆಸರೂ ಉಳಿದಿವೆ. ಆದರೆ ಆ ಹಾಡುಗಳನ್ನು ಅವನ ಸಭೆಯಲ್ಲಿ ಹಾಡಿದ ಧಾಟಿಯು ನಮ್ಮ ಕೈಗೆ ಬರಲಿಲ್ಲ. ಸ್ವರವನ್ನು ಬರೆದಿಡದ ಹಾಡು ಕಂಠದೊಡನೆ ಮಣ್ಣಾಗುವದು.

ಈ ಕೊರತೆಯನ್ನು ನೀಗಿಸಲು ಹೊಸ ಕಾಲದ ಇಬ್ಬರು ಮಹನೀಯರು ಯತ್ನಿಸಿದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ವಿಷ್ಣು ನಾರಾಯಣ ಭಾತಖಂಡೆಯವರು ನಾಡೆಲ್ಲ ತಿರುಗಿ ಉಸ್ತಾದರ ಚೀಜುಗಳನ್ನು ಸಂಗ್ರಹಿಸಿ ಸ್ವರಲಿಪಿಯಲ್ಲಿ ಬರೆದರು. 1916ರಲ್ಲಿ ಬಡೋದೆಯಲ್ಲಿ ಮೊದಲನೆಯ ಅಖಿಲ ಭಾರತ ಸಂಗೀತ ಪರಿಷತ್ತನ್ನು ಕೂಡಿಸಿದರು. 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜಿನ ಸ್ಥಾಪನೆಗೆ ಕಾರಣರಾದರು. ಅವರ ಲಿಪಿಯಲ್ಲಿ ಕೋಮಲಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ನಿಲುಗೆರೆ, ಮೀಂಡಿಗೆ ಕಮಾನು. ಇಂದಿನ ಕಾಲೇಜುಗಳಲ್ಲಿ ಈ ಲಿಪಿಯೇ ಬಹುವಾಗಿ ಬಳಕೆಯಲ್ಲಿದೆ.

ಆದರೆ ಲಿಪಿಯೊಂದರಿಂದಲೇ ರಾಗವು ತಿಳಿಯದು. ಮಾರವಾ, ಪೂರಿಯಾ, ಸೋಹನಿ ಈ ಮೂರಕ್ಕೂ ಸ್ವರಗಳು ಅವೇ ಆರು: ಷಡ್ಜ, ಕೋಮಲ ಋಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಮಾರವಾದಲ್ಲಿ ಋಷಭ ಧೈವತಗಳು ಮೆರೆಯುವವು. ಪೂರಿಯಾ ಗಾಂಧಾರ ನಿಷಾದಗಳನ್ನು ಆಶ್ರಯಿಸಿ ಮಂದ್ರದಲ್ಲಿ ಹೆಚ್ಚಾಗಿ ಸಂಚರಿಸುವದು. ಸೋಹನಿ ತಾರ ಷಡ್ಜದ ಕಡೆಗೆ ಏರುವದು. ಈ ಭೇದವನ್ನು ಪುಸ್ತಕವು ಹೇಳಬಲ್ಲದು, ಕಿವಿಯು ಮಾತ್ರವೇ ಹಿಡಿಯಬಲ್ಲದು. ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಇದಕ್ಕೆ ಸಾಕ್ಷಿ. ಪಂಚಾಕ್ಷರಿ ಗವಾಯಿಗಳು (1892–1944) ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಅವರಿಂದ ಕಲಿತ ಅನೇಕ ಅಂಧ ಬಾಲಕರಿಗೆ ಕಿವಿಯೇ ಓಲೆಯ ಗರಿಯಾಯಿತು.

ಇಂಥ ಶಿಕ್ಷಣ ಪಡೆದ ಕಿವಿಗೆ ಇಂಡಿ ಸೀಮೆಯ ಹಲಸಂಗಿಯಲ್ಲಿ ಒಂದು ಕೆಲಸವು ಕಾದಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಹಲಸಂಗಿಯ ಗೆಳೆಯರು ಹಳ್ಳಿಯ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಎಂಬ ಪುಸ್ತಕಗಳನ್ನು ಬೆಳಕಿಗೆ ತಂದರು. ಅವರು ಮಾಡಿದ ಉಪಕಾರವು ಎಷ್ಟು ಸ್ಮರಿಸಿದರೂ ತೀರದು. ಅವರು ಉಳಿಸಿಕೊಟ್ಟದ್ದು ಮಾತನ್ನು. ಧಾಟಿಯನ್ನು ಉಳಿಸುವ ಹೊಣೆ ಸಂಗೀತ ಬಲ್ಲವರದು. ತ್ರಿಪದಿಯು ಅಚ್ಚಿನಲ್ಲಿ ಮೂರು ಸಾಲು. ಬೀಸುವ ಕಲ್ಲಿನ ಮುಂದೆ ಎರಡನೆಯ ಸಾಲಿನ ಭಾಗವು ಮರಳಿ ಬಂದು ನಾಲ್ಕಾಗುವದು. ಲಾವಣಿಯಾದರೋ ಡಪ್ಪು ತುಂತುಣಿಗಳ ಗತ್ತಿನಲ್ಲಿಯೂ ಹಿಮ್ಮೇಳದವರ ‘ಜೀ ಜೀ’ ಎಂಬ ದನಿಯಲ್ಲಿಯೂ ಬದುಕುವದು. ಮನೆಮನೆಯ ಬೀಸುವ ಕಲ್ಲನ್ನು ಹಿಟ್ಟಿನ ಗಿರಣಿಯು ಮೂಲೆಗೆ ತಳ್ಳಿತು. ಅದರೊಡನೆ ಹಾಡುವ ಹೊತ್ತೂ ಹೋಯಿತು.

ಧ್ವನಿಮುದ್ರಣವಿರುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಮುದ್ರಣವು ದನಿಯನ್ನು ಹಿಡಿದಿಡುವದು. ತಂಬೂರಿಯ ಆಸರೆಯಿಲ್ಲದೆ ಹಾಡಿದ ಪದದಲ್ಲಿ ಆಧಾರಷಡ್ಜವು ಯಾವುದು, ಸ್ವರವು ಎಲ್ಲಿ ತೂಗಾಡಿತು, ಎಲ್ಲಿ ನಿಂತಿತು ಎಂಬದನ್ನು ಬಲ್ಲ ಕಿವಿಯೇ ಬಿಡಿಸಿ ಹೇಳಬೇಕು. ಆದ್ದರಿಂದ ಸಂಗೀತದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿಗೆ ಮುಂಚೆ ತನ್ನ ಸೀಮೆಯ ಹತ್ತು ಹಾಡುಗಳನ್ನಾದರೂ ಕೇಳಿ, ಸ್ವರತಾಳಸಹಿತ ಬರೆದು, ಬರೆದದ್ದನ್ನು ನೋಡಿ ಹಾಡಿ, ಹಾಡಿಕೊಟ್ಟವರಿಂದಲೇ ಒಪ್ಪಿಗೆ ಪಡೆಯತಕ್ಕದ್ದು. ಹಾಡುವ ಮುದುಕಿಯೇ ಅಲ್ಲಿ ಸ್ಥಿರವೀಣೆ, ವಿದ್ಯಾರ್ಥಿಯು ಚಲವೀಣೆ. ಇಬ್ಬರ ಸ್ವರವೂ ಲೀನವಾದವೆಂದು ಆಕೆ ತಲೆದೂಗಿದ ದಿನ ಭರತಮುನಿಯ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾದನೆಂದು ತಿಳಿಯೋಣ.